ಕಾರು ಕೊಳ್ಳುವ ಮುನ್ನ

ಸಮಾಜದ ಕುಟುಂಬಗಳಲ್ಲಿ ಕಾರು ಕೊಳ್ಳುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮನೆ ಕಟ್ಟುವುದು, ಮಕ್ಕಳ ಮದುವೆ ಮಾಡುವುದು ಇವೆರಡನ್ನು ಬಿಟ್ಟರೆ ಸಾಮಾನ್ಯ ಗೃಹಸ್ಥನು ಒಮ್ಮೆಗೇ ಮಾಡುವ ದೊಡ್ಡ ವೆಚ್ಚ ಇದೇ. ಆದರೂ ಎಷ್ಟೋ ಮನೆಗಳಲ್ಲಿ ಈ ತೀರ್ಮಾನವು ಮಾರಾಟ ಮಳಿಗೆಯ ಮುಂದಿನ ರಸ್ತೆಯಲ್ಲಿ ಹದಿನೈದು ನಿಮಿಷ ಓಡಿಸಿ ನೋಡುವುದರಲ್ಲಿ ಮುಗಿದುಹೋಗುತ್ತದೆ. ಅಂದು ಓಡಿಸುವವರು ಒಬ್ಬರು, ಮುಂದೆ ಹತ್ತು ವರ್ಷ ಅದರಲ್ಲಿ ಕುಳಿತು ಹೋಗುವವರು ನಾಲ್ವರೋ ಐವರೋ. ನಾವೂ ಇದೇ ತಪ್ಪನ್ನು ಮಾಡುವುದರಲ್ಲಿದ್ದೆವು. ಹೇಗೆ ತಪ್ಪಿತೆಂಬುದನ್ನು ಓದುಗ ಬಂಧುಗಳ ಮುಂದಿಡುವುದು ಈ ತಿಂಗಳ ಉದ್ದೇಶ.

ನಮ್ಮ ಕಣ್ಣಿದ್ದುದು ಮಧ್ಯಮ ಗಾತ್ರದ ಸೆಡಾನ್ ಕಾರುಗಳ ಮೇಲೆ. 2020ರಲ್ಲಿ ಹೊಸ ರೂಪದಲ್ಲಿ ಬಂದ ಹೋಂಡಾ ಸಿಟಿ, 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್, 2023ರಲ್ಲಿ ಹೊಸದಾದ ಹ್ಯುಂಡೈ ವೆರ್ನಾ ಈ ವರ್ಗಕ್ಕೆ ಸೇರಿದವು. ಎಲ್ಲವೂ ಸುಮಾರು ನಾಲ್ಕೂವರೆ ಮೀಟರ್ ಉದ್ದದವು. ಸಾಮಾನಿನ ಡಿಕ್ಕಿ 500 ಲೀಟರಿಗೂ ಮಿಗಿಲು. ಸ್ಲಾವಿಯಾ, ವರ್ಟಸ್ ಮತ್ತು ವೆರ್ನಾ ಕಾರುಗಳು 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರಗಳನ್ನು ಪಡೆದಿವೆ. ನಾವು ಓಡಿಸಿದ್ದು ಈ ವರ್ಗದ ಒಂದು ಕಾರನ್ನು. ಯಾವುದೆಂದು ಬರೆದರೆ ಹೊಗಳಿಕೆಯಾಗಿಯೋ ತೆಗಳಿಕೆಯಾಗಿಯೋ ಕಂಡೀತೆಂದು ಹೆಸರನ್ನು ಬಿಟ್ಟಿದ್ದೇವೆ.

ಮಳಿಗೆಯವರನ್ನು ಕೇಳಿಕೊಂಡು, ಇಂಧನದ ಖರ್ಚು ನಮ್ಮದೆಂದು ಒಪ್ಪಿ, ಜನವರಿಯ ಒಂದು ಭಾನುವಾರ ಕಾರನ್ನು ಹಾಸನದ ನಮ್ಮ ಮನೆಗೆ ತರಿಸಿಕೊಂಡೆವು. ಮಳಿಗೆಯ ಹುಡುಗನೊಬ್ಬ ಜೊತೆಗೆ ಬಂದ. ಹೊರಡುವ ಹೊತ್ತಿಗೆ ಮನೆಯಾಕೆ, “ಅತ್ತೆಯವರನ್ನೂ ಕರೆದುಕೊಂಡು ಹೋಗೋಣ” ಎಂದರು. ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ, ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಎರಡು ವರ್ಷಗಳಿಂದ ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಕಾರಿನ ಯೋಚನೆ ಹುಟ್ಟಿದ್ದೇ ಅವರಿಗಾಗಿ. ಆದರೂ ಅವರನ್ನು ಕರೆಯಬೇಕೆಂದು ನಮಗೆ ತೋಚಿರಲಿಲ್ಲ!

ಮೊದಲು ಚನ್ನರಾಯಪಟ್ಟಣದ ಕಡೆಗೆ ಹೊರಟೆವು. ರಾಷ್ಟ್ರೀಯ ಹೆದ್ದಾರಿ 75ರ ಚತುಷ್ಪಥ ಅದು. ಶಾಂತಿಗ್ರಾಮದ ಸುಂಕದ ಕಟ್ಟೆ ದಾಟಿದ ಮೇಲೆ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಿತು. ಭಾರಿ ಲಾರಿಗಳನ್ನು ಹಿಂದೆ ಹಾಕುವಾಗಲೂ ಅಲುಗಾಟವಿಲ್ಲ, ಒಳಗೆ ಮೆಲುದನಿಯಲ್ಲಿ ಮಾತನಾಡಿದರೂ ಕೇಳಿಸುತ್ತಿತ್ತು. ಸೆಡಾನಿನ ಮೈ ನೆಲಕ್ಕೆ ಹತ್ತಿರವಿರುವುದರಿಂದ ಅದರ ಗುರುತ್ವ ಕೇಂದ್ರವೂ ಕೆಳಗಿರುತ್ತದೆ. ತಿರುವಿನಲ್ಲಿ ಮೈ ವಾಲುವುದು ಕಡಿಮೆ. ಚನ್ನರಾಯಪಟ್ಟಣ ತಲಪುವಷ್ಟರಲ್ಲಿ ನಮ್ಮ ಮನಸ್ಸು ಮುಂಗಡ ಹಣದ ಲೆಕ್ಕ ಹಾಕತೊಡಗಿತ್ತು.

ಅಲ್ಲಿ ತಂಗಿಯ ಮನೆಯವರು ಎರಡು ಚೀಲ ತೆಂಗಿನಕಾಯಿಯನ್ನು ಡಿಕ್ಕಿಗೆ ಹಾಕಿದರು. ಇನ್ನೂ ಎರಡು ಚೀಲಕ್ಕೆ ಜಾಗವಿತ್ತು. ಆದರೆ ಹೊಳೆನರಸೀಪುರದ ದಾರಿ ಹಿಡಿದೊಡನೆ ಆ ಭಾರದ ಅರ್ಥ ತಿಳಿಯಿತು. ಐದು ಜನ, ಎರಡು ಚೀಲ ಕಾಯಿ. ಊರೊಂದರ ಮುಂದಿನ ಉಬ್ಬಿನಲ್ಲಿ ಕಾರಿನ ತಳ ಕರ್ರೆಂದು ಉಜ್ಜಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ರಸ್ತೆಯ ಉಬ್ಬು 3.7 ಮೀಟರ್ ಅಗಲವಿದ್ದು 10 ಸೆಂಟಿಮೀಟರ್ ಎತ್ತರಕ್ಕೆ ಮೆಲ್ಲಗೆ ಏರಿ ಇಳಿಯಬೇಕು. ನಮ್ಮ ಹಳ್ಳಿಗಳ ಉಬ್ಬುಗಳು ಬಹುಪಾಲು ಗಿಡ್ಡ ಗೋಡೆಗಳು. ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರವೆಂದು ಪತ್ರಿಕೆಗಳಲ್ಲಿ ಕಾಣುವ ಅಂಕಿಯೂ ಸಾಮಾನ್ಯವಾಗಿ ಬರಿದಾದ ಕಾರಿನದು. ಸ್ಲಾವಿಯಾಕ್ಕೆ ಹೇಳುವ 179 ಮಿಲಿಮೀಟರ್ ಅಂಥದೇ ಲೆಕ್ಕ. ಜನ, ಸಾಮಾನು ಏರಿದಂತೆ ಅದು ಕುಗ್ಗುತ್ತದೆ. ಮುಂದಿನ ಉಬ್ಬುಗಳನ್ನೆಲ್ಲ ಓರೆಯಾಗಿ, ಆಮೆಯ ನಡಿಗೆಯಲ್ಲಿ ದಾಟಿದೆವು.

ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ಕಂಡು ಅರಕಲಗೂಡಿನತ್ತ ತಿರುಗಿದೆವು. ಸುಗ್ಗಿಯ ಕಾಲ, ಒಂದೆಡೆ ರಸ್ತೆಯ ತುಂಬ ರಾಗಿಯ ತೆನೆ ಹರಡಿ ಒಕ್ಕಣೆ ನಡೆದಿತ್ತು. ತಗ್ಗಾದ ಕಾರಿನ ಅಡಿಯಲ್ಲಿ ಹುಲ್ಲು ಸುತ್ತಿಕೊಂಡು, ಹೊಗೆಕೊಳವೆಯ ಶಾಖಕ್ಕೆ ಬೆಂಕಿ ಹತ್ತಿಕೊಳ್ಳುವುದುಂಟು. ನಾವು ಕೆಳಗಿಳಿದು ಕೇಳಿಕೊಂಡಾಗ ಅಲ್ಲಿದ್ದ ಹೆಣ್ಣುಮಕ್ಕಳು ಒಂದು ಬದಿಯ ಹುಲ್ಲನ್ನು ಸರಿಸಿ ದಾರಿ ಬಿಟ್ಟುಕೊಟ್ಟರು.

ಅರಕಲಗೂಡಿನಲ್ಲಿ ಬಂಧುಗಳ ಮನೆಯ ಮುಂದೆ ಕಾರು ನಿಲ್ಲಿಸಿದೆವು. ಎಲ್ಲರೂ ಇಳಿದರು, ತಾಯಿಯವರು ಇಳಿಯಲಿಲ್ಲ. ಚನ್ನರಾಯಪಟ್ಟಣದಲ್ಲಿಯೂ ಅವರು ಒಳಗೇ ಕುಳಿತು, “ಬಿಸಿಲು, ಇಲ್ಲೇ ಇರುತ್ತೇನೆ” ಎಂದಿದ್ದರು. ಈಗ ಕಾರಣ ತಿಳಿಯಿತು. ಬಾಗಿಲಾಚೆ ಕಾಲಿಟ್ಟರೂ ಮಂಡಿ ಅವರನ್ನು ಮೇಲೆತ್ತಲಿಲ್ಲ. ಎರಡು ಸಲ ಪ್ರಯತ್ನಿಸಿ, ನಾಚಿಕೊಂಡು ನಕ್ಕರು. ಕೊನೆಗೆ ಸೊಸೆ ಒಂದು ಕೈ, ಮೊಮ್ಮಗಳು ಒಂದು ಕೈ ಹಿಡಿದು ಎಬ್ಬಿಸಬೇಕಾಯಿತು. “ಕಾರು ಬಹಳ ಚೆನ್ನಾಗಿದೆ ಮಗ, ನನಗೋಸ್ಕರ ಬಿಡಬೇಡ, ನಾನು ಎಷ್ಟು ದಿನ ಓಡಾಡೇನು?” ಎಂದರು. ಆ ಮಾತು ಕೇಳಿ ನಮಗೆ ತಲೆ ಎತ್ತಲಾಗಲಿಲ್ಲ.

ಇದರಲ್ಲಿ ಆ ಕಾರಿನ ದೋಷವೇನೂ ಇಲ್ಲ. ಹೆದ್ದಾರಿಯಲ್ಲಿ ನಮಗೆ ಸ್ಥಿರತೆ ಕೊಟ್ಟ ಆ ತಗ್ಗೇ ತಾಯಿಯವರಿಗೆ ಏಳಲಾಗದಂತೆ ಮಾಡಿತು. ಒಂದೇ ಗುಣ, ಮುಂದಿನ ಆಸನದಲ್ಲಿ ಕುಳಿತವರಿಗೆ ಸುಖ, ಹಿಂದೆ ಕುಳಿತವರಿಗೆ ಕಷ್ಟ. ಕುಳಿತಾಗ ಮಂಡಿಗಿಂತ ಸೊಂಟ ಕೆಳಗಿಳಿದರೆ ವಯಸ್ಸಾದವರಿಗೆ ಏಳುವುದು ಪ್ರಯಾಸವೆಂಬ ಸರಳ ಸತ್ಯವನ್ನು ಯಾವ ವಿವರಪಟ್ಟಿಯೂ ಮುದ್ರಿಸುವುದಿಲ್ಲ.

ಗೊರೂರಿನ ಮಾರ್ಗವಾಗಿ ಸಂಜೆ ಹಾಸನಕ್ಕೆ ಮರಳಿ ಕೀಲಿಕೈ ಒಪ್ಪಿಸಿದೆವು, ಮುಂಗಡ ಕೊಡಲಿಲ್ಲ. ಚಿಕ್ಕ ಸಂಸಾರ, ಹೆದ್ದಾರಿಯ ಓಡಾಟ, ತುಂಬ ಸಾಮಾನು ಇರುವವರಿಗೆ ಈ ವರ್ಗದ ಕಾರು ನಿಸ್ಸಂದೇಹವಾಗಿ ಉತ್ತಮ. ಆದರೆ ಬೆಲೆಯ ಲೆಕ್ಕದಲ್ಲಿ ತೆರಿಗೆಯನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದಂತೆ ನಾಲ್ಕು ಮೀಟರಿನೊಳಗಿನ ಸಣ್ಣ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ಶೇಕಡಾ 18, ಅದಕ್ಕಿಂತ ಉದ್ದದ ಈ ಸೆಡಾನುಗಳಿಗೆ ಶೇಕಡಾ 40.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಕಾರನ್ನು ಪರೀಕ್ಷಿಸುವ ದಿನ ಮನೆಯ ಎಲ್ಲರನ್ನೂ ಕೂರಿಸಿಕೊಳ್ಳಿ. ನೀವು ನಿತ್ಯ ಹೋಗುವ ಊರಿನ ದಾರಿಯಲ್ಲೇ ಓಡಿಸಿ. ಡಿಕ್ಕಿಯಲ್ಲಿ ಒಂದಿಷ್ಟು ಭಾರವಿರಲಿ. ಹಿಂದಿನ ಆಸನದವರೂ ಸೊಂಟಪಟ್ಟಿ ಕಟ್ಟಿಕೊಳ್ಳಬೇಕೆಂಬುದು ಕಾನೂನು. ಪಟ್ಟಿ ಹಿರಿಯರ ಕೈಗೆ ಎಟುಕುತ್ತದೆಯೇ, ಅವರಿಂದಲೇ ಬಿಚ್ಚಲಾಗುತ್ತದೆಯೇ ನೋಡಿ. ಉದ್ಯಮಿ ಸೈರಸ್ ಮಿಸ್ತ್ರಿಯವರು 2022ರ ಸೆಪ್ಟೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಆಸನದಲ್ಲಿ ಪಟ್ಟಿಯಿಲ್ಲದೆ ಕುಳಿತಿದ್ದರೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಮೊದಲು, ಹಿರಿಯರು ಯಾರ ಆಸರೆಯೂ ಇಲ್ಲದೆ ಮೂರು ಬಾರಿ ಹತ್ತಿ ಇಳಿಯಲಿ.

ಮುಂದಿನ ಭಾನುವಾರ ಬೇರೊಂದು ಮಳಿಗೆಗೆ ಹೋದೆವು. ಕೊಂಚ ಎತ್ತರದ ಕಾರೊಂದರ ಬಾಗಿಲು ತೆರೆದು, ಮೊದಲು ತಾಯಿಯವರನ್ನು ಕೂರಿಸಿದೆವು. ಅವರು ತಾವಾಗಿಯೇ ಎದ್ದು ಹೊರಗೆ ನಿಂತು ಸೆರಗು ಸರಿಪಡಿಸಿಕೊಂಡ ಮೇಲೆಯೇ ನಾವು ಬೆಲೆ ಕೇಳಿದ್ದು.