ಫೋನು ನಮ್ಮದು, ಬೀಗದ ಕೈ ಯಾರದು?

ಹೆಬ್ಬಾಳದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳವನ್ನು ಕಂಡವರು ಒಂದು ಬದಲಾವಣೆಯನ್ನು ಗಮನಿಸಿರಬಹುದು. ಬೀಜ, ಗೊಬ್ಬರ, ಯಂತ್ರಗಳ ಮಳಿಗೆಗಳ ನಡುವೆ ಮೊಬೈಲ್ ಆ್ಯಪ್‌ಗಳೂ ಈಗ ತಮ್ಮ ಸ್ಥಾನವನ್ನು ಗಿಟ್ಟಿಸಿಕೊಂಡಿವೆ. ಹವಾಮಾನಕ್ಕೊಂದು, ರೋಗ ಗುರುತಿಸಲೊಂದು, ಮಾರುಕಟ್ಟೆ ದರಕ್ಕೊಂದು. ಆದರೆ ‘ನಿಮ್ಮ ಫೋನು ಯಾವ ವರ್ಷದ್ದು?’ ಎಂದು ರೈತನನ್ನು ಕೇಳುವವರು ಅಲ್ಲಿ ಇಲ್ಲ. ಕೃಷಿ ವಿಜ್ಞಾನಿಯಾದ ನನಗೆ, ಮಣ್ಣಿನ ಗುಣವನ್ನು ಕೇಳದೆ ಗೊಬ್ಬರ ಶಿಫಾರಸು ಮಾಡಿದಷ್ಟೇ ಅಸಂಗತವಾಗಿ ಇದು ಕಾಣುತ್ತದೆ.

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ತನ್ನ ಜಮೀನಿನಲ್ಲಿ ನಿಂತು ತಾನೇ ಛಾಯಾಚಿತ್ರ ತೆಗೆದು, ತನ್ನ ಬೆಳೆಯನ್ನು ತಾನೇ ದಾಖಲಿಸುವ ಅವಕಾಶ ಅದು. ಒಳ್ಳೆಯ ಆಲೋಚನೆಯೇ ಸರಿ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಅತಿವೃಷ್ಟಿಯ ಪರಿಹಾರ ಇವೆಲ್ಲಕ್ಕೂ ಈ ದಾಖಲೆ ಬೇಕಾಗುತ್ತದೆ. ರೈತ ದಾಖಲಿಸದಿದ್ದರೆ ಆ ಕೆಲಸ ಗ್ರಾಮಕ್ಕೆ ನೇಮಕಗೊಂಡ ಖಾಸಗಿ ನಿವಾಸಿಯ ಪಾಲಿಗೆ ಹೋಗುತ್ತದೆ. ಬಯಲುಸೀಮೆಯ ಏಕಬೆಳೆಯ ಹೊಲದಲ್ಲಿ ಅದರಿಂದ ಹೆಚ್ಚು ವ್ಯತ್ಯಾಸವಾಗದೆ ಇರಬಹುದು. ಮಲೆನಾಡಿನ ತೋಟದಲ್ಲಾದರೋ ಅಡಿಕೆಯ ಕಾಂಡಕ್ಕೆ ಕಾಳುಮೆಣಸು ಹಬ್ಬಿರುತ್ತದೆ, ನಡುವೆ ಏಲಕ್ಕಿ, ಬಾಳೆ, ಅಂಚಿಗೆ ಕೋಕೋ. ಅವಸರದಲ್ಲಿ ಬಂದವನ ಕಣ್ಣಿಗೆ ಎತ್ತರದ ಮರವೊಂದೇ ಬೆಳೆ! ಹೀಗಾಗಿ ರೈತನ ಕೈಯಲ್ಲಿರುವ ಫೋನು ಸುಸ್ಥಿತಿಯಲ್ಲಿರಬೇಕಾದ್ದು ಇಂದು ಆತನ ಹಕ್ಕಿನ ಪ್ರಶ್ನೆಯಾಗಿದೆ.

ಈ ಫೋನಿನ ಪಾಡನ್ನು ನೋಡೋಣ. ತಯಾರಕರು ಕಾಲಕಾಲಕ್ಕೆ ಅದರ ತಂತ್ರಾಂಶವನ್ನು ‘ಅಪ್‌ಡೇಟ್’ ಮಾಡುತ್ತಾರೆ. ಸಾಮಾನ್ಯವಾಗಿ ಅದು ಜಾಲದ ಮೂಲಕ ತಾನಾಗಿಯೇ ಫೋನಿಗೆ ಇಳಿಯುತ್ತದೆ. ಇದರ ಗಾತ್ರ ಒಂದೆರಡು ಗಿಗಾಬೈಟ್ ಇರುವುದುಂಟು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರಿನಲ್ಲಿ ಅದು ಪೂರ್ತಿ ಇಳಿಯುವುದೇ ಕಷ್ಟ. ಇಳಿದರೂ ಒಳಗೆ ಜಾಗ ಸಾಲದೆ, ಇಲ್ಲವೇ ನಡುವೆ ಬ್ಯಾಟರಿ ಮುಗಿದು ಕೆಲವೊಮ್ಮೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆಗ ಫೋನು ಕಂಪನಿಯ ಲಾಂಛನವನ್ನು ತೋರಿಸುತ್ತಾ ಸ್ತಬ್ಧವಾಗಿಬಿಡಬಹುದು. ಅಂಗಡಿಯವನ ಮಾತು ಒಂದೇ: “ಕಂಪ್ಯೂಟರಿಗೆ ಹಾಕಬೇಕು.” ಯಲಹಂಕ, ಆರ್.ಟಿ. ನಗರದವರಿಗೆ ಅದು ಆಟೋದಲ್ಲಿ ಹೋಗಿಬರುವ ಮಾತು. ಘಟ್ಟದ ಅಂಚಿನವರಿಗೆ ಒಂದಿಡೀ ದಿನದ ದುಡಿಮೆ ಹೋಯಿತು. ಸಮೀಕ್ಷೆಯ ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ.

ಕಂಪ್ಯೂಟರೇ ಏಕೆ ಬೇಕು? ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಇಲ್ಲದಿರಬಹುದು, ಟ್ಯಾಬ್ಲೆಟ್ ಇರುವುದುಂಟು. ಕೋವಿಡ್ ಕಾಲದ ಆನ್‌ಲೈನ್ ತರಗತಿಗೆಂದು ಸಾಲ ಮಾಡಿ ಕೊಂಡವರಿದ್ದಾರೆ. 2021ರಲ್ಲಿ ರಾಜ್ಯ ಸರ್ಕಾರವೇ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಅದಕ್ಕೆ ಒಟಿಜಿ ಕೇಬಲ್ ಸಿಕ್ಕಿಸಿ ಫೋನನ್ನು ಜೋಡಿಸಿದರೆ, ಅಪ್‌ಡೇಟ್ ಕಡತವನ್ನು ದಾಟಿಸಲು ಬೇಕಾದ ಯಂತ್ರಬಲ ಅದರಲ್ಲಿದೆ. ಇತರ ಉಪಕರಣಗಳನ್ನು ತನಗೆ ಜೋಡಿಸಿಕೊಂಡು ನಿಯಂತ್ರಿಸುವ ಈ ಸಾಮರ್ಥ್ಯ ಆಂಡ್ರಾಯ್ಡಿಗೆ ಬಂದದ್ದು 2011ರಲ್ಲಿ, ಟ್ಯಾಬ್ಲೆಟ್ಟುಗಳಿಗಾಗಿಯೇ ರೂಪಿಸಿದ್ದ 3.1ನೆಯ ಆವೃತ್ತಿಯಲ್ಲಿ. ಆದರೂ ಫೋನನ್ನು ಸರಿಪಡಿಸುವ ತಮ್ಮ ತಂತ್ರಾಂಶವನ್ನು ಹೆಚ್ಚಿನ ಕಂಪನಿಗಳು ಇಂದಿಗೂ ಕಂಪ್ಯೂಟರಿಗಷ್ಟೇ ಬರೆಯುತ್ತಿವೆ. ಆ್ಯಪಲ್ ಕಂಪನಿ 2024ರ ಐಫೋನ್ 16ರಲ್ಲಿ, ಕೆಟ್ಟುನಿಂತ ಫೋನನ್ನು ಪಕ್ಕದ ಇನ್ನೊಂದು ಐಫೋನ್ ಅಥವಾ ಐಪ್ಯಾಡಿನಿಂದಲೇ ಎಬ್ಬಿಸುವ ವ್ಯವಸ್ಥೆ ಮಾಡಿತು. ದುಬಾರಿ ಫೋನಿಗೆ ಸಾಧ್ಯವಾದದ್ದು ಎಂಟು ಸಾವಿರದ ಫೋನಿಗೆ ಅಸಾಧ್ಯವೆಂಬುದನ್ನು ನಾನಂತೂ ನಂಬಲಾರೆ.

ಸುರಕ್ಷತೆಯ ನೆಪವನ್ನು ಮುಂದಿಡುವವರಿದ್ದಾರೆ. ಪ್ರಮಾಣಿತ ಬಿತ್ತನೆ ಬೀಜದ ಚೀಲವನ್ನು ನೆನೆಯಿರಿ. ಅದರ ನಂಬಿಕೆ ಇರುವುದು ಬಾಯಿಗೆ ಹೊಲಿದ ಚೀಟಿ, ಮುದ್ರೆಗಳಲ್ಲಿ. ಲಾರಿಯಲ್ಲಿ ಬಂದರೇನು, ಎತ್ತಿನ ಗಾಡಿಯಲ್ಲಿ ಬಂದರೇನು? ಅಪ್‌ಡೇಟ್ ಕಡತಕ್ಕೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಅದನ್ನು ಪರೀಕ್ಷಿಸಿ ಒಪ್ಪುವುದು ಅಥವಾ ತಿರಸ್ಕರಿಸುವುದು ಫೋನೇ. ಕಡತವನ್ನು ಹೊತ್ತು ತಂದದ್ದು ಕಂಪ್ಯೂಟರೋ ಟ್ಯಾಬ್ಲೆಟ್ಟೋ ಎಂಬುದರಿಂದ ಆ ಪರೀಕ್ಷೆ ಸಡಿಲವಾಗುವುದಿಲ್ಲ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಮೆಮೊರಿ ಕಾರ್ಡಿನಿಂದಲೇ ಅಪ್‌ಡೇಟ್ ಮಾಡುವ ಸೌಕರ್ಯವಿತ್ತು. ಪೇಟೆಗೆ ಹೋದವರೊಬ್ಬರು ತಂದರೆ ಓಣಿಗೆಲ್ಲ ಸಾಕಾಗುವ ವ್ಯವಸ್ಥೆ ಅದು.

ಈ ಬಗೆಯ ಚಿಂತನೆ ನಮ್ಮ ನೆಲಕ್ಕೆ ಹೊಸದೇ? ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರ ಎಂಜಿನಿಯರುಗಳು 1999ರಲ್ಲಿ ಟ್ರಸ್ಟ್ ಕಟ್ಟಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿದರು. ಮುಕ್ತ ತಂತ್ರಾಂಶವಾದ ಲಿನಕ್ಸ್ ಅದರ ಜೀವಾಳ. ವಿನ್ಯಾಸವನ್ನೂ ಗುಟ್ಟಾಗಿಡಲಿಲ್ಲ. ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ತಮ್ಮದೇ ಸ್ಮಾರ್ಟ್ ಕಾರ್ಡ್. ಹೀಗೆ ಹಂಚಿಕೊಂಡು ಬಳಸುವ ಕಲ್ಪನೆ ಅವರದು. ಅತ್ತ ಜಾಲಹಳ್ಳಿಯ ಬಿಇಎಲ್ ಜೊತೆಗೂಡಿ 2004ರಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದೂ ಆಯಿತು. ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬೆಲೆಯೂ ಬಡವರ ಕೈಗೆ ಎಟುಕುವಂತಿರಲಿಲ್ಲ. ಆದರೆ ಬಳಸುವವನೇ ಯಂತ್ರದ ಯಜಮಾನನೆಂಬ ಅದರ ಮೂಲತತ್ವವನ್ನೂ ನಾವು ಅದರೊಂದಿಗೇ ಗುಜರಿಗೆ ಹಾಕಬೇಕಿತ್ತೇ?

ಗುಜರಿಯ ಮಾತು ಬಂದಾಗ ದಾಬಸ್‌ಪೇಟೆಯನ್ನು ನೆನೆಯದಿರಲಾಗದು. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದರೆ ಸಿಗುವ ಆ ಊರಿನಲ್ಲಿ 2005ರಲ್ಲೇ ‘ಇ-ಪರಿಸರ’ ಎಂಬ ಘಟಕ ಇ-ತ್ಯಾಜ್ಯದ ಶಾಸ್ತ್ರೀಯ ವಿಲೇವಾರಿಯನ್ನು ಆರಂಭಿಸಿತು. ಅಂಥ ಘಟಕಗಳು ಬೇಕು. ಆದರೆ 2022ರಲ್ಲಿ ಜಗತ್ತು ಹೊರಹಾಕಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಹೋದದ್ದಕ್ಕೆ ಲೆಕ್ಕವಿರುವುದು ಶೇಕಡಾ 22.3ರಷ್ಟಕ್ಕೆ ಮಾತ್ರ. ಪರದೆ, ಬ್ಯಾಟರಿ ಸರಿಯಿದ್ದೂ ಅಪ್‌ಡೇಟ್ ಸಿಗದ ಒಂದೇ ಕಾರಣಕ್ಕೆ ಸತ್ತ ಫೋನನ್ನು ತ್ಯಾಜ್ಯವೆಂದು ಕರೆಯುವುದೇ ತಪ್ಪು. ಅದು ಅಕಾಲಮರಣ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ಇ-ತ್ಯಾಜ್ಯ ನಿಯಮಗಳ ಒತ್ತೆಲ್ಲ ಸತ್ತ ನಂತರದ ಸಂಸ್ಕಾರದ ಮೇಲಿದೆ. ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ ಫೋನು, ಟ್ಯಾಬ್ಲೆಟ್ಟುಗಳೆರಡಕ್ಕೂ ಹೊಸ ಕಟ್ಟಳೆ ತಂದಿದೆ. ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಒದಗಿಸಬೇಕು. ಅದೇ ಕಂಪನಿಗಳು ನಮ್ಮಲ್ಲಿ ಮಾರುವ ಫೋನಿಗೆ ಬೇರೆ ಆಯುಷ್ಯ ಬರೆಯುವುದನ್ನು ನಾವೇಕೆ ಸಹಿಸಬೇಕು?

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಜಾಲತಾಣದಿಂದ ಹಕ್ಕು ಹುಟ್ಟುವುದಿಲ್ಲ, ಕಾನೂನು ಬೇಕು. ಆ ಕಾನೂನಿನಲ್ಲಿ ಅಪ್‌ಡೇಟ್ ಕಡತವನ್ನು ಬಹಿರಂಗವಾಗಿ ಇಡಬೇಕೆಂದೂ, ಯಾವ ಟ್ಯಾಬ್ಲೆಟ್ಟಿನಿಂದಲಾದರೂ ಅದನ್ನು ಫೋನಿಗೆ ಹಾಕಲು ಸಾಧ್ಯವಿರಬೇಕೆಂದೂ ಬರೆಯಲೇಬೇಕು. ದೆಹಲಿಯ ಕೆಲಸ ನಿಧಾನವಾದೀತು. ಹೆಬ್ಬಾಳದ ಕೆಲಸಕ್ಕೆ ಯಾರ ಅಪ್ಪಣೆ ಬೇಕು? ರೈತರಿಗಾಗಿ ಆ್ಯಪ್ ರೂಪಿಸುವ ನನ್ನ ಸಹೋದ್ಯೋಗಿಗಳು ಅದನ್ನು ಏಳೆಂಟು ವರ್ಷ ಹಳೆಯ ಫೋನಿನಲ್ಲಿ ಓಡಿಸಿ ನೋಡದೆ ಬಿಡುಗಡೆ ಮಾಡಬಾರದು. ಕೃಷಿ ಇಲಾಖೆಯು ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಟ್ಯಾಬ್ಲೆಟ್, ಒಂದು ಕೇಬಲ್, ಇವನ್ನು ಬಳಸಬಲ್ಲ ಒಬ್ಬ ಸಿಬ್ಬಂದಿಯನ್ನು ಮುಂದಿನ ಮುಂಗಾರು ಸಮೀಕ್ಷೆಗೆ ಮೊದಲೇ ಒದಗಿಸಬೇಕು. ಬಳಗದ ಮಿತ್ರರು ತಮ್ಮ ಹೋಬಳಿಯ ಕೃಷಿ ಅಧಿಕಾರಿಗೆ ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆದು, ಅದರ ಪ್ರತಿಯೊಂದನ್ನು ಪತ್ರಿಕೆಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.