ಉದಾಹರಣೆಯೂ ಲೈಬ್ರರಿಯ ಭಾಗವೇ

ಪೈಥಾನ್ ಭಾಷೆ ಬದಲಾದಂತೆ ಲೈಬ್ರರಿಗಳ ಕೈಪಿಡಿಗಳಲ್ಲಿರುವ ಉದಾಹರಣೆಗಳನ್ನೂ ತಿದ್ದಬೇಕು, ತಿದ್ದದೆ ಹೊಸ ಆವೃತ್ತಿ ಬಿಡಬಾರದು ಎಂದಾಗಲೆಲ್ಲ ಜೊತೆಗಾರರಿಂದ ಆಕ್ಷೇಪಗಳು ಬರುತ್ತವೆ. ಹೆಚ್ಚುಕಡಿಮೆ ಎಲ್ಲ ಕಡೆ ಅವೇ ಆಕ್ಷೇಪಗಳು. ಒಂದೊಂದಕ್ಕೂ ಉತ್ತರ ಹೇಳುತ್ತೇನೆ.

‘ಹಳೆಯ ಉದಾಹರಣೆ ಈಗಲೂ ಓಡುತ್ತದಲ್ಲ, ಮುಟ್ಟುವುದೇಕೆ?’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಓಡುವುದು ಬೇರೆ, ಸರಿಯಾದ ಉತ್ತರ ಕೊಡುವುದು ಬೇರೆ. ಡೇಟ್‌ಟೈಮ್ ಮಾಡ್ಯೂಲಿನ ಯುಟಿಸಿನೌ ಫಂಕ್ಷನ್ ನೋಡಿ. ಟೋಕನ್ನಿನ ಅವಧಿ ಲೆಕ್ಕ ಹಾಕಲು, ದಾಖಲೆಗೆ ವೇಳೆ ಹಚ್ಚಲು ಅದನ್ನೇ ತೋರಿಸುವ ಉದಾಹರಣೆಗಳು ಬೇಕಾದಷ್ಟಿವೆ. ಅದು ಕೊಡುವ ಅಂಕಿಗಳು ಯುಟಿಸಿಯವೇ ಹೌದು, ಆದರೆ ಯಾವ ಕಾಲವಲಯದ ವೇಳೆ ಎಂಬ ಗುರುತು ಅವುಗಳ ಮೇಲಿರುವುದಿಲ್ಲ. ಗುರುತಿಲ್ಲದ ಆ ವೇಳೆಯನ್ನು ಟೈಮ್‌ಸ್ಟ್ಯಾಂಪ್ ಮಾಡಲು ಹೋದರೆ ಪೈಥಾನ್ ಅದನ್ನು ಸ್ಥಳೀಯ ವೇಳೆ ಎಂದುಕೊಳ್ಳುತ್ತದೆ. ಭಾರತದ ವೇಳೆಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಉತ್ತರ ಐದೂವರೆ ಗಂಟೆ, ಅಂದರೆ ಸರಿಯಾಗಿ 19,800 ಸೆಕೆಂಡು ಹಿಂದೆ ಬೀಳುತ್ತದೆ. ಎರರ್ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ. ಯುಟಿಸಿಗೆ ಹೊಂದಿಸಿದ ಸರ್ವರಿನಲ್ಲಿ ಅಥವಾ ಚಳಿಗಾಲದ ಲಂಡನ್ನಿನಲ್ಲಿ ಪರೀಕ್ಷಿಸಿದವರ ಕಣ್ಣಿಗೆ ಈ ತಪ್ಪು ಬೀಳುವುದೇ ಇಲ್ಲ. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಅದು ದಿನವೂ ನಡೆಯುತ್ತದೆ. ಕಾಲವಲಯವನ್ನು ಹೇಳಿಯೇ ವೇಳೆ ಕೇಳುವ ಸರಿದಾರಿ 2011ರ 3.2 ಆವೃತ್ತಿಯಿಂದಲೂ ಭಾಷೆಯಲ್ಲಿದೆ. ಯುಟಿಸಿನೌ ಬಳಸಬೇಡಿ ಎಂಬ ಎಚ್ಚರಿಕೆ ಬಂದದ್ದು 2023ರ ಅಕ್ಟೋಬರಿನಲ್ಲಿ, 3.12ರ ಜೊತೆಗೆ. ನಡುವಿನ ಅಷ್ಟೂ ವರ್ಷ ‘ಓಡುತ್ತದಲ್ಲ’ ಎಂಬ ಸಮಾಧಾನದಲ್ಲೇ ಕಳೆದುಹೋಯಿತು.

ಇನ್ನು ಓಡುವುದೇ ನಿಂತುಹೋದ ಉದಾಹರಣೆಗಳು. ಅಸಿಂಕ್ ಎಂಬ ಪದವನ್ನು ಭಾಷೆ ತನಗಾಗಿ ಕಾದಿರಿಸಲಿದೆ ಎಂಬ ಸೂಚನೆ 2015ರಲ್ಲೇ ಸಿಕ್ಕಿತ್ತು. 2018ರ ಜೂನಿನಲ್ಲಿ 3.7 ಬಂದಾಗ ಅದು ಜಾರಿಯಾಯಿತು. ಆ ಹೆಸರಿನ ಆರ್ಗ್ಯುಮೆಂಟ್ ಇಟ್ಟುಕೊಂಡಿದ್ದ ಲೈಬ್ರರಿಗಳು ಹೆಸರು ಬದಲಿಸಿಕೊಳ್ಳಬೇಕಾಯಿತು. ಹಳೆಯ ಕೈಪಿಡಿ ನೋಡಿ ಬರೆದವರಿಗೆ ಮೊದಲ ಸಲ ಓಡಿಸಿದಾಗಲೇ ಸಿಂಟ್ಯಾಕ್ಸ್ ಎರರ್. ಕಲೆಕ್ಷನ್ಸ್ ಮಾಡ್ಯೂಲಿನಿಂದ ನೇರವಾಗಿ ಮ್ಯಾಪಿಂಗ್ ತರಿಸಿಕೊಳ್ಳುವ ಸಾಲಿನ ಕಥೆಯೂ ಇದೇ. 3.3ರಲ್ಲಿ ಅದರ ಜಾಗ ಬದಲಾಯಿತು, 2021ರಲ್ಲಿ 3.10 ಹಳೆಯ ಬಾಗಿಲನ್ನು ಮುಚ್ಚಿತು.

‘ಕೋಡೇ ಕೈಪಿಡಿ, ಈಗಂತೂ ಟೈಪ್ ಹಿಂಟ್‌ಗಳಿವೆ, ಓದಿಕೊಳ್ಳಲಿ’ ಎನ್ನುವವರಿದ್ದಾರೆ. ಮೇಲಿನ ಉದಾಹರಣೆಗೇ ಬನ್ನಿ. ತಪ್ಪು ದಾರಿಯೂ ಸರಿದಾರಿಯೂ ಹಿಂತಿರುಗಿಸುವುದು ಡೇಟ್‌ಟೈಮ್ ಎಂಬ ಒಂದೇ ಟೈಪನ್ನು. ಟೈಪ್ ಹಿಂಟ್ ಎರಡರಲ್ಲೂ ಅಕ್ಷರಶಃ ಒಂದೇ. ಐದೂವರೆ ಗಂಟೆಯ ವ್ಯತ್ಯಾಸ ಅದರಲ್ಲಿ ಎಲ್ಲಿಯೂ ಕಾಣದು. ಅದನ್ನು ಹೇಳಬಲ್ಲದ್ದು ಕೈಪಿಡಿಯ ಒಂದು ವಾಕ್ಯ ಮತ್ತು ಸರಿಯಾದ ಒಂದು ಉದಾಹರಣೆ.

‘ಬದಲಾವಣೆಗಳ ಪಟ್ಟಿ ಪ್ರಕಟಿಸಿದ್ದೇವಲ್ಲ’ ಎಂಬ ಉತ್ತರ, ಹಿಂದಿನ ಆವೃತ್ತಿ ಬಳಸಿ ಗೊತ್ತಿರುವವರಿಗೆ ಸರಿ. ಹೊಸದಾಗಿ ಬಂದವರಿಗೆ ಏನು ಬದಲಾಯಿತು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅವರು ಮೊದಲ ಪುಟ ತೆರೆದು ಮೊದಲ ಉದಾಹರಣೆಯನ್ನು ನಕಲು ಮಾಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಹುಡುಗ ಹುಡುಗಿಯರು ಇಂಗ್ಲಿಷಿನ ಉದ್ದ ವಿವರಣೆಯನ್ನು ದಾಟಿ ಕೋಡಿನ ತುಣುಕನ್ನೇ ಹಿಡಿದುಕೊಂಡು ಕಲಿಯುತ್ತಾರೆ. ಅವರಿಗೆ ಆ ತುಣುಕೇ ಗುರು. ಅದು ತಪ್ಪಾಗಿದ್ದರೆ ಅವರು ಅನುಮಾನಿಸುವುದು ಕೈಪಿಡಿಯನ್ನಲ್ಲ, ತಮ್ಮನ್ನೇ. ನನಗೆ ಅತ್ಯಂತ ಸಂಕಟ ತರುವ ವಿಷಯ ಇದು.

ಹಳೆಯ ಆವೃತ್ತಿಯಲ್ಲೇ ಇರುವವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಪರಿಹಾರ ಎಂದೋ ಸಿಕ್ಕಿದೆ. ಪೈಥಾನಿನ ಸ್ವಂತ ಕೈಪಿಡಿ ಆವೃತ್ತಿಗೊಂದರಂತೆ ಬೇರೆಯಾಗಿಯೇ ಉಳಿದಿದೆ. 2020ರ ಜನವರಿ 1ಕ್ಕೆ ಬೆಂಬಲ ಮುಗಿದ 2.7ರದ್ದೂ ಇಂದಿಗೂ ಓದಲು ಸಿಗುತ್ತದೆ. ಒಂದು ಫಂಕ್ಷನ್ ಯಾವ ಆವೃತ್ತಿಯಲ್ಲಿ ಸೇರಿತು, ಯಾವುದರಲ್ಲಿ ಬದಲಾಯಿತು ಎಂದು ಗುರುತಿಸುವ ಸೌಲಭ್ಯ ಕೈಪಿಡಿ ತಯಾರಿಸುವ ಸ್ಫಿಂಕ್ಸ್‌ನಲ್ಲೇ ಇದೆ. ಹಳಬರಿಗಾಗಿ ಹೊಸಬರ ಪುಟವನ್ನು ಹಳತಾಗಿಸಬೇಕಿಲ್ಲ.

‘ಈಗ ಕೋಡ್ ಬರೆಯುವುದೇ ಎಐ, ಕೈಪಿಡಿ ಯಾರು ಓದುತ್ತಾರೆ?’ ಇದು ಈಚಿನ ವಾದ. ಎಐ ಓದುತ್ತದೆ ಎಂಬುದೇ ನನ್ನ ಉತ್ತರ. ಅದು ಕಲಿತದ್ದು ಇವೇ ಕೈಪಿಡಿಗಳಿಂದ, ಇವುಗಳನ್ನು ನಕಲು ಮಾಡಿದ ಕೋಡಿನಿಂದ. ಹಿಂದೆ ಹಳೆಯ ಉದಾಹರಣೆಯೊಂದು ಒಬ್ಬ ಓದುಗನನ್ನು ದಾರಿ ತಪ್ಪಿಸುತ್ತಿತ್ತು. ಈಗ ಅದೇ ಸಾಲು ಕೈಪಿಡಿಯನ್ನು ಎಂದೂ ತೆರೆಯದವರ ಪ್ರೋಗ್ರಾಂನೊಳಗೂ ಹೋಗಿ ಕೂರುತ್ತದೆ.

ಕೊನೆಯ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ: ‘ಇವನ್ನೆಲ್ಲ ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು ನಡೆಸುವವರು ನಾವು. ಸಮಯ ಎಲ್ಲಿದೆ?’ ನಿಜ. ಕೈಪಿಡಿಯನ್ನು ಪ್ರತಿ ವರ್ಷ ಮೊದಲಿನಿಂದ ಬರೆಯಿರಿ ಎಂದು ಯಾರೂ ಕೇಳಬಾರದು, ನಾನೂ ಕೇಳುತ್ತಿಲ್ಲ. ಯಾವ ಉದಾಹರಣೆ ಹಳಸಿದೆ ಎಂದು ಹುಡುಕುವ ಕೆಲಸ ಮನುಷ್ಯರದ್ದಾಗಿ ಉಳಿಯಬೇಕಿಲ್ಲ. ಅದಕ್ಕೆಂದೇ ಇರುವ ಡಾಕ್‌ಟೆಸ್ಟ್ ಮಾಡ್ಯೂಲ್ 2001ರಲ್ಲಿ ಬಂದ 2.1ರಿಂದಲೇ ಪೈಥಾನಿನ ಜೊತೆಗಿದೆ. ಕೈಪಿಡಿಯ ಉದಾಹರಣೆಯನ್ನು ಓಡಿಸಿ, ಬರೆದಿಟ್ಟ ಉತ್ತರದೊಂದಿಗೆ ತಾಳೆ ನೋಡುತ್ತದೆ. ಎಚ್ಚರಿಕೆಗಳನ್ನೆಲ್ಲ ಎರರ್ ಎಂದೇ ಪರಿಗಣಿಸುವ ಆಯ್ಕೆಯೊಂದಿಗೆ ಅದನ್ನು 3.12ರಲ್ಲಿ ಓಡಿಸಿದರೆ ಯುಟಿಸಿನೌ ಇರುವ ಪ್ರತಿ ಉದಾಹರಣೆ ಕಡತ, ಸಾಲಿನ ಸಂಖ್ಯೆ ಸಹಿತ ಎದುರು ಬಂದು ನಿಲ್ಲುತ್ತದೆ. ರಸ್ಟ್ ಭಾಷೆಯಲ್ಲಿ ಕಾರ್ಗೋ ಟೆಸ್ಟ್ ಎಂದರೆ ಸಾಕು, ಲೈಬ್ರರಿಯ ವಿವರಣೆಯೊಳಗಿನ ಉದಾಹರಣೆಗಳೂ ಪರೀಕ್ಷೆಗೊಳಪಡುತ್ತವೆ. ಗೋ ಭಾಷೆಯವರೂ ಉದಾಹರಣೆಗಳನ್ನು ಪರೀಕ್ಷೆಯ ಜೊತೆಗೇ ಇಟ್ಟಿದ್ದಾರೆ. ಸಮಯವಿಲ್ಲದವರಿಗಾಗಿಯೇ ಮಾಡಿದ ಏರ್ಪಾಡುಗಳಿವು. ಪರೀಕ್ಷೆ ಬಿದ್ದ ಕೋಡನ್ನು ನಾವು ಮುಖ್ಯ ಶಾಖೆಗೆ ಸೇರಿಸುವುದಿಲ್ಲ. ಬಿದ್ದ ಉದಾಹರಣೆಗೂ ಅದೇ ನಿಯಮವಿರಲಿ ಎಂಬುದಷ್ಟೇ ನನ್ನ ಬೇಡಿಕೆ, ಮುಂದಿನ ಆವೃತ್ತಿಯಿಂದಲೇ.