ಮನದ ನೋವು, ದೇಹದ ರೋಗ: ವಿಶ್ವಾಸಿಯ ನಿಲುವೇನು?

ಮನಸ್ಸಿಗೂ ದೇಹಕ್ಕೂ ನಂಟಿದೆ ಎಂಬುದನ್ನು ಅರಿಯಲು ಸತ್ಯವಿಶ್ವಾಸಿಗೆ ಹೊಸ ಸಿದ್ಧಾಂತವೇನೂ ಬೇಕಿಲ್ಲ. ಮಗ ಯೂಸುಫ್‌(ಅ)ರ ಅಗಲಿಕೆಯ ದುಃಖವನ್ನು ಒಳಗೊಳಗೇ ನುಂಗಿಕೊಂಡ ಪ್ರವಾದಿ ಯಾಕೂಬ್‌(ಅ)ರ ಕಣ್ಣುಗಳು ಬೆಳ್ಳಗಾದ ವೃತ್ತಾಂತವನ್ನು ಪವಿತ್ರ ಕುರ್‌ಆನ್‌ನ ಯೂಸುಫ್ ಅಧ್ಯಾಯದಲ್ಲಿ ನಾವು ಓದುತ್ತೇವೆ. ಸಾವು ಸಂಭವಿಸಿದ ಮನೆಯವರಿಗೆ ಹಝ್ರತ್ ಆಯಿಶಾ(ರ) ಜವೆಗೋಧಿಯ ಗಂಜಿಯಾದ ತಲ್ಬೀನಾ ಮಾಡಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ನೀಡುತ್ತದೆ, ದುಃಖವನ್ನು ಕೊಂಚ ಹಗುರಗೊಳಿಸುತ್ತದೆ ಎಂದು ಪ್ರವಾದಿವರ್ಯರಿಂದ(ಸ) ಕೇಳಿದ್ದನ್ನು ಅವರು ವರದಿ ಮಾಡಿದ್ದಾರೆ. ಸಾವಿರ ವರ್ಷಗಳಿಗೂ ಹಿಂದೆ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಪೋಷಣೆಯ ಕುರಿತೂ ಒಂದೇ ಗ್ರಂಥದಲ್ಲಿ ಬರೆದರು. ಹಠಾತ್ ಆಘಾತದಿಂದ ಹೃದಯದ ಸ್ನಾಯು ದುರ್ಬಲಗೊಳ್ಳುವ ಸ್ಥಿತಿಯನ್ನು ಆಧುನಿಕ ವೈದ್ಯರೂ ಗುರುತಿಸಿದ್ದಾರೆ.

ಆದರೆ ನಂಟಿದೆ ಎನ್ನುವುದು ಒಂದು ಮಾತು. ಪ್ರತಿಯೊಂದು ರೋಗಕ್ಕೂ ಬಗೆಹರಿಯದ ಒಳಸಂಘರ್ಷವೇ ಮೂಲ, ಅದನ್ನು ಬಗೆಹರಿಸಿದರೆ ಗೆಡ್ಡೆ ತಾನಾಗಿ ಕರಗುತ್ತದೆ ಎನ್ನುವುದು ಬೇರೆಯೇ ಮಾತು. ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಗಳಿಗೂ ಈ ಎರಡನೆಯ ಮಾತು ಮೊಬೈಲ್ ವೀಡಿಯೊಗಳ ಮೂಲಕ ಬಂದು ತಲುಪುತ್ತಿದೆ. ಸ್ತನದಲ್ಲಿ ಗಂಟು ಕಂಡ ತಾಯಿಗೆ, ಮಕ್ಕಳ ಚಿಂತೆಯನ್ನು ಬಿಡು, ಅತ್ತೆಯನ್ನು ಕ್ಷಮಿಸು, ಬಯಾಪ್ಸಿಗೆ ಅವಸರ ಬೇಡ ಎಂದು ಸಲಹೆ ನೀಡುವವರಿದ್ದಾರೆ.

ಈ ಚಿಂತನೆಯ ಪ್ರಮುಖ ಪ್ರತಿಪಾದಕ ಜರ್ಮನಿಯ ವೈದ್ಯ ರೈಕ್ ಗೇರ್ಡ್ ಹಾಮರ್. 1978ರಲ್ಲಿ ಗುಂಡೇಟು ತಗುಲಿ ಅವರ ಮಗ ಮೃತಪಟ್ಟ. ಅನಂತರ ಸ್ವತಃ ಅವರಿಗೆ ವೃಷಣದ ಕ್ಯಾನ್ಸರ್ ಬಂತು. ಪುತ್ರಶೋಕವೇ ಅದಕ್ಕೆ ಕಾರಣವೆಂದು ಭಾವಿಸಿದ ಹಾಮರ್, ಎಲ್ಲ ಕ್ಯಾನ್ಸರ್‌ಗಳಿಗೂ ಮಾನಸಿಕ ಆಘಾತವೇ ಕಾರಣವೆಂದು ಸಾರಿದರು. ತಂದೆಯೊಬ್ಬನ ದುಃಖದ ಬಗ್ಗೆ ನಮಗೆ ಅನುಕಂಪವಿದೆ. ಆದರೆ ಒಬ್ಬನ ದುಃಖವು ಜಗತ್ತಿನ ರೋಗಿಗಳಿಗೆಲ್ಲ ನಿಯಮವಾಗಲಾರದು. ಅಷ್ಟಕ್ಕೂ ಅವರು ಸ್ವತಃ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. 1986ರಲ್ಲಿ ಅವರ ವೈದ್ಯಕೀಯ ಪರವಾನಗಿ ರದ್ದಾಯಿತು. 1995ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಇದ್ದ ಆಸ್ಟ್ರಿಯಾದ 6 ವರ್ಷದ ಬಾಲಕಿಯನ್ನು ಹೆತ್ತವರು ಆಸ್ಪತ್ರೆಯಿಂದ ತಪ್ಪಿಸಿ ಸ್ಪೇನ್‌ನಲ್ಲಿದ್ದ ಅವರ ಬಳಿಗೆ ಒಯ್ದರು. ಗೆಡ್ಡೆ ಬೆಳೆಯುತ್ತಲೇ ಹೋಯಿತು. ಕೊನೆಗೆ ನ್ಯಾಯಾಲಯದ ಆದೇಶದಂತೆ ಕಿಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆ ನಡೆದು ಆಕೆ ಬದುಕುಳಿದಳು.

ಈ ಸಿದ್ಧಾಂತದ ಅತ್ಯಂತ ಅಪಾಯಕಾರಿ ಅಂಶವೆಂದರೆ ಅದು ಎಂದೂ ಸೋಲುವುದಿಲ್ಲ. ನೋವು ಹೆಚ್ಚಾದರೆ ಅದು ಗುಣವಾಗುವ ಹಂತವಂತೆ! ರೋಗಿ ಸತ್ತರೆ ಆತ ಸಂಘರ್ಷವನ್ನು ಪೂರ್ಣವಾಗಿ ಬಿಡಲಿಲ್ಲವಂತೆ! ಹೀಗೆ ರೋಗದ ಭಾರದ ಮೇಲೆ ಅಪರಾಧಭಾವದ ಭಾರವನ್ನೂ ರೋಗಿಯ ತಲೆಗೇ ಹೊರಿಸಲಾಗುತ್ತದೆ. ಹಾಗಾದರೆ ಹಾಲುಗಲ್ಲದ ಮಗುವಿಗೆ ರಕ್ತದ ಕ್ಯಾನ್ಸರ್ ಬಂದರೆ ಅದು ಯಾರನ್ನು ಕ್ಷಮಿಸಬೇಕು?

ಇಸ್ಲಾಮ್ ರೋಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಪ್ರವಾದಿ ಅಯ್ಯೂಬ್‌(ಅ)ರ ಕಾಯಿಲೆ ಅವರ ಅಂತರಂಗದ ಕಲ್ಮಶದ ಫಲವಾಗಿರಲಿಲ್ಲ. ಅದು ಪರೀಕ್ಷೆಯಾಗಿತ್ತು. ಪ್ರವಾದಿವರ್ಯರಿಗೆ(ಸ) ಇಬ್ಬರಿಗೆ ಬರುವಷ್ಟು ತೀವ್ರವಾದ ಜ್ವರ ಬರುತ್ತಿತ್ತೆಂದು ಇಬ್ನು ಮಸ್ಊದ್(ರ) ವರದಿ ಮಾಡಿದ್ದಾರೆ. ಅವರಿಗಿಂತ ನಿರ್ಮಲವಾದ ಹೃದಯ ಇನ್ನಾರದಿತ್ತು? ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ವಿಚಾರಿಸಿದಾಗ, ಪಡೆಯಿರಿ, ಮುಪ್ಪೊಂದನ್ನುಳಿದು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನಿಟ್ಟಿದ್ದಾನೆ ಎಂಬರ್ಥದ ಉತ್ತರವನ್ನು ಅವರು ನೀಡಿದರು. ವೈದ್ಯಜ್ಞಾನವಿಲ್ಲದೆ ಚಿಕಿತ್ಸೆ ನೀಡಿದವನು ಅದರ ಹಾನಿಗೆ ಹೊಣೆಗಾರನೆಂದೂ ಹದೀಸ್‌ನಲ್ಲಿದೆ. ಕ್ಯಾನ್ಸರ್ ಗುಣಪಡಿಸುತ್ತೇವೆಂಬ ಔಷಧ ಜಾಹೀರಾತುಗಳನ್ನು ನಮ್ಮ ದೇಶದ 1954ರ ಕಾನೂನೂ ನಿಷೇಧಿಸಿದೆ.

ಬೇರೆಯವರತ್ತ ಮಾತ್ರ ಬೆರಳು ತೋರಿಸಿ ಮುಗಿಸುವಂತಿಲ್ಲ. ಪ್ರತಿಯೊಂದು ಕಾಯಿಲೆಗೂ ಸಿಹ್ರ್, ದೃಷ್ಟಿ, ಜಿನ್ನ್ ಎಂದು ಹೆಸರಿಟ್ಟು ಹಣ ಪಡೆಯುವವರು ನಮ್ಮೊಳಗೂ ಇದ್ದಾರೆ. ಅಪಸ್ಮಾರದ ಮಗುವನ್ನು ತಿಂಗಳುಗಟ್ಟಲೆ ತಾಯಿತದ ಭರವಸೆಯಲ್ಲಿಡುವುದಕ್ಕೂ ಕ್ಯಾನ್ಸರ್ ರೋಗಿಯನ್ನು ಸಂಘರ್ಷ ಪರಿಹಾರದ ಶಿಬಿರಕ್ಕೆ ಕಳಿಸುವುದಕ್ಕೂ ಏನು ವ್ಯತ್ಯಾಸ? ರುಖ್ಯಾ ಪ್ರಾರ್ಥನೆಯಾಗಿದೆ. ಅದು ಔಷಧಿಯ ಜೊತೆಗಿರಬೇಕೇ ಹೊರತು ಔಷಧಿಯನ್ನು ತಡೆಯುವ ಗೋಡೆಯಾಗಬಾರದು. ಕ್ಷಮೆಯೂ ಹಾಗೆಯೇ. ಅದು ಇಬಾದತ್. ಗೆಡ್ಡೆ ಕರಗಿಸುವ ಮದ್ದೆಂದು ಅದನ್ನು ಮಾರುವುದು ರೋಗಿಗೂ ಅನ್ಯಾಯ, ಕ್ಷಮೆಗೂ ಅನ್ಯಾಯ.

ದಕ್ಷಿಣ ಬೆಂಗಳೂರಿನವರು ಈ ವಿಷಯದಲ್ಲಿ ಭಾಗ್ಯವಂತರು. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆ ಮತ್ತು 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಎರಡೂ ಹೊಸೂರು ರಸ್ತೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಗೆಡ್ಡೆಗೆ ಒಂದು, ಮನಸ್ಸಿಗೆ ಇನ್ನೊಂದು. ರೋಗಿಗೆ ಎರಡೂ ಬೇಕಾಗಬಹುದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಖಿನ್ನತೆ, ಆತಂಕಗಳಿಗೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಮನದ ನೋವಿಗೆ ಚಿಕಿತ್ಸೆ ಪಡೆಯಲು ಅದು ಕ್ಯಾನ್ಸರ್‌ಗೆ ಕಾರಣವೆಂದು ಸಾಬೀತಾಗಬೇಕಿಲ್ಲ. ನೋವಾಗಿದೆ ಎಂಬುದಷ್ಟೇ ಸಾಕು.

ಆದ್ದರಿಂದ ರೋಗಿಯನ್ನು ಭೇಟಿಯಾಗುವ ಸುನ್ನತ್ತನ್ನು ಸರಿಯಾಗಿ ಪಾಲಿಸೋಣ. ನೀನೇ ಇದನ್ನು ತಂದುಕೊಂಡೆ ಎಂಬ ಧ್ವನಿ ನಮ್ಮ ಮಾತಿನಲ್ಲಿ ಸುಳಿಯದಿರಲಿ. ಆಕೆಯ ದುಃಖವನ್ನು ಕೇಳಿಸಿಕೊಳ್ಳೋಣ, ದುಆ ಮಾಡೋಣ, ಮರುದಿನ ಬೆಳಿಗ್ಗೆ ಆಸ್ಪತ್ರೆಯ ಸರತಿಯಲ್ಲಿ ಜೊತೆಗೆ ನಿಲ್ಲೋಣ. ತವಕ್ಕುಲ್ ಎಂದರೆ ಅದುವೇ. ಅಲ್ಲಾಹನು ರೋಗಿಗಳೆಲ್ಲರಿಗೂ ಪೂರ್ಣ ಶಿಫಾ ಕರುಣಿಸಲಿ, ಅವರ ಮನೆಯವರಿಗೆ ವಿವೇಕವನ್ನೂ ಸಹನೆಯನ್ನೂ ನೀಡಲಿ. ಆಮೀನ್.